ನಮ್ಮ ಚರ್ಚಿನ ಆರ್ಗನ್‌ಗೆ ಬೇಕಿರುವುದು ರಿಪೇರಿ, ಗುಜರಿ ಅಲ್ಲ

ಮಾನ್ಯ ಸಭಾಪಾಲಕರಿಗೆ, ಆಡಳಿತ ಸಮಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರೆಲ್ಲರಿಗೆ,

ನಮಸ್ಕಾರಗಳು.

ಗ್ಯಾಲರಿಯಲ್ಲಿರುವ ಪೈಪ್ ಆರ್ಗನ್ ರಿಪೇರಿ ಆಗದಷ್ಟು ಹಾಳಾಗಿದೆ, ಅದನ್ನು ಬಿಚ್ಚಿ ತೆಗೆದು ಆ ಜಾಗದಲ್ಲಿ ಡಿಜಿಟಲ್ ಆರ್ಗನ್ ಮತ್ತು ಸ್ಪೀಕರ್ ಇಡಲು ಸಮಿತಿ ತೀರ್ಮಾನಿಸಿದೆ ಎಂಬ ನಿಮ್ಮ ನೋಟಿಸನ್ನು ಬೋರ್ಡಿನಲ್ಲಿ ಓದಿದೆ. ಪೈಪುಗಳನ್ನು ಏನು ಮಾಡುತ್ತೀರಿ ಎಂದು ಕಚೇರಿಯಲ್ಲಿ ಕೇಳಿದೆ. "ತವರ, ಸೀಸ ಅಲ್ವಾ, ತೂಕಕ್ಕೆ ಹಾಕ್ತೀವಿ" ಎಂಬ ಉತ್ತರ ಬಂತು. ಈ ಪತ್ರ ಬರೆಯಲು ಆ ಒಂದು ಮಾತೇ ಸಾಕಾಯಿತು.

ಇದನ್ನು ಬಹಿರಂಗವಾಗಿ ಬರೆಯಬೇಕೆಂದು ನನಗೇನೂ ಆಸೆ ಇರಲಿಲ್ಲ. ಕಚೇರಿಗೆ ಕೊಟ್ಟ ಪತ್ರಗಳಿಗೆ ಉತ್ತರ ಬರಲಿಲ್ಲ. ಸಮಿತಿ ಸಭೆಯಲ್ಲಿ ಮಾತಾಡಲು ಅವಕಾಶ ಕೇಳಿದರೆ, ಆವತ್ತಿನ ವಿಷಯಗಳ ಪಟ್ಟಿ ತುಂಬಿದೆ ಎಂದರು. ಆಯ್ತು, ತುಂಬಿರಬಹುದು. ಆದರೆ ಆರ್ಗನ್ ಸಮಿತಿಯೊಂದರ ಆಸ್ತಿ ಅಲ್ಲ, ಇಡೀ ಸಭೆಯದ್ದು. ಅದನ್ನು ತರಿಸಿದವರು ಚಂದಾ ಎತ್ತಿ ತರಿಸಿದರು. ಹಳೇ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರುಗಳು ಇವತ್ತಿಗೂ ಇವೆ. ಹಾಗಾಗಿ ಸಭೆಯವರೆಲ್ಲ ಓದಲಿ ಎಂದೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಆರ್ಗನ್ ನುಡಿಸುವವನಲ್ಲ. ಕ್ವಾಯರ್‌ನಲ್ಲಿ, ಅಂದರೆ ಚರ್ಚಿನ ಗಾಯಕರ ತಂಡದಲ್ಲಿ, ಟೆನರ್ ಎಂಬ ಗಂಡಸರ ಏರುದನಿಯ ಸಾಲಿನಲ್ಲಿ ನಿಂತು ಹಾಡುವವನು. ಆದರೆ ಟ್ಯೂನಿಂಗ್‌ಗೆ ಆರ್ಗನ್ ಕೆಲಸದವರು ಬರುತ್ತಿದ್ದ ಕಾಲದಲ್ಲಿ ಅವರಿಗೆ ಕೀ ಹಿಡಿಯುತ್ತಿದ್ದವನು ನಾನೇ. ಟ್ಯೂನಿಂಗ್ ಒಬ್ಬರಿಂದ ಆಗುವ ಕೆಲಸ ಅಲ್ಲ. ಒಬ್ಬರು ಕೀಬೋರ್ಡಿನ ಮುಂದೆ ಕೂತು ಒಂದೊಂದೇ ಕೀ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಒಳಗೆ, ಪೈಪುಗಳ ನಡುವೆ, ಕಾಲಿಡಲು ಮಾತ್ರ ಜಾಗ ಇರುವ ಹಲಗೆಯ ಮೇಲೆ ನಿಂತು ಕೆಲಸ ಮಾಡುತ್ತಾರೆ. ಅವರು "ಮುಂದಿನದು" ಅಂತ ಕೂಗಿದಾಗ ನಾವು ಮುಂದಿನ ಕೀಗೆ ಹೋಗಬೇಕು. ಸಣ್ಣ ಪೈಪಿನ ತುದಿಯನ್ನು ಹಿತ್ತಾಳೆಯ ಕೋನ್‌ನಿಂದ ಮೆಲ್ಲಗೆ ತಟ್ಟುತ್ತಾರೆ. ತುದಿ ಒಂಚೂರು ಅಗಲವಾದರೆ ಸ್ವರ ಏರುತ್ತದೆ. ಒಳಕ್ಕೆ ಮುದುರಿದರೆ ಇಳಿಯುತ್ತದೆ. ಎರಡು ಪೈಪುಗಳ ಸ್ವರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ವೋವ್ ವೋವ್ ಎಂದು ಅಲೆ ಕೇಳಿಸುತ್ತದೆ. ತಟ್ಟುತ್ತಾ ಹೋದ ಹಾಗೆ ಆ ಅಲೆ ನಿಧಾನವಾಗಿ, ಕೊನೆಗೆ ನಿಂತೇ ಹೋಗುತ್ತದೆ. ಪೈಪನ್ನು ಬರಿಗೈಯಲ್ಲಿ ಜಾಸ್ತಿ ಹೊತ್ತು ಹಿಡಿದರೆ ಅಂಗೈ ಬಿಸಿಗೇ ಸ್ವರ ಏರಿಬಿಡುತ್ತದೆ. ಅದಕ್ಕೇ ಮುಟ್ಟಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ. ಇಷ್ಟು ನಾಜೂಕಿನ ವಸ್ತುವನ್ನು ನೀವು ಕೇಜಿ ಲೆಕ್ಕದಲ್ಲಿ ಅಳೆಯಲು ಹೊರಟಿದ್ದೀರಿ.

ಒಳಗೆ ಹೋಗಿ ನೋಡಿದವನಾದ್ದರಿಂದ ಅದರ ಸ್ಥಿತಿ ಏನು ಅಂತ ಹೇಳಬಲ್ಲೆ. ಪೈಪ್ ಆರ್ಗನ್ ಹೊರಗಿನಿಂದ ನೋಡಿದರೆ ಹೆದರಿಸುತ್ತದೆ. ಒಳಗೆ ಅದು ತುಂಬಾ ಸರಳ. ಒಂದೊಂದು ಸ್ವರಕ್ಕೂ ಒಂದೊಂದು ಕೊಳಲು, ಕೆಳಗೆ ತಿದಿ, ನಡುವೆ ಗಾಳಿ ಹಂಚುವ ಮರದ ಪೆಟ್ಟಿಗೆ. ಕೀ ಒತ್ತಿದರೆ ತೆಳ್ಳನೆಯ ಮರದ ಪಟ್ಟಿ ಎಳೆದು, ಪೆಟ್ಟಿಗೆಯೊಳಗೆ ಚರ್ಮ ಅಂಟಿಸಿದ ಒಂದು ಸಣ್ಣ ಮುಚ್ಚಳ ತೆರೆಯುತ್ತದೆ. ಕೀಬೋರ್ಡಿನ ಹತ್ತಿರ ಇರುವ ಸ್ಟಾಪ್ ಎಂಬ ಹಿಡಿ ಎಳೆದರೆ ಒಂದು ಸಾಲು ಪೈಪುಗಳ ಕೆಳಗಿನ ತೂತಿನ ಪಟ್ಟಿ ಸರಿದು ಗಾಳಿಗೆ ದಾರಿ ಆಗುತ್ತದೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ಎಂಬಾತ ನೀರಿನ ಭಾರದಿಂದ ಗಾಳಿಯ ಒತ್ತಡವನ್ನು ಸಮನಾಗಿಡುವ ಆರ್ಗನ್ ಮಾಡಿದ. ಆಮೇಲೆ ನೀರು ಹೋಗಿ ತಿದಿ ಬಂತು, ತಿದಿ ಒತ್ತುವ ಕೈ ಹೋಗಿ ವಿದ್ಯುತ್ ಬ್ಲೋಯರ್ ಬಂತು. ಮೂಲ ಉಪಾಯ ಮಾತ್ರ ಹಾಗೇ ಉಳಿದಿದೆ. ಮರ, ಚರ್ಮ, ಉಣ್ಣೆಯ ಫೆಲ್ಟ್, ಲೋಹ. ಇವುಗಳಲ್ಲಿ ಕೈಯಿಂದ ಬಿಚ್ಚಿ ಸರಿಮಾಡಲಾಗದ್ದು ಯಾವುದೂ ಇಲ್ಲ.

ನಮ್ಮ ಆರ್ಗನ್‌ನಲ್ಲಿ ಕೆಟ್ಟಿರುವುದು ಇಷ್ಟು. ತಿದಿಯ ಮಡಿಕೆಗಳಲ್ಲಿ ಚರ್ಮ ಒಣಗಿ ಸೀಳಿದೆ, ಹಾಗಾಗಿ ಗಾಳಿ ಸೋರುತ್ತದೆ. ಕೆಲವು ಕೀಗಳ ಮರದ ಪಟ್ಟಿ ಮುರಿದಿದೆ. ಫೆಲ್ಟ್‌ಗೆ ಹುಳ ಬಿದ್ದಿದೆ. ಬ್ಲೋಯರ್‌ಗೆ ಹೋಗುವ ವೈರಿಂಗ್ ತೀರಾ ಹಳೇದು. ಚರ್ಮ ಶಾಶ್ವತ ಅಲ್ಲ, ಕೆಲವು ದಶಕಗಳಿಗೊಮ್ಮೆ ಬದಲಿಸಲೇಬೇಕು. ಅದು ಆರ್ಗನ್ ಸಾಯುತ್ತಿರುವ ಲಕ್ಷಣ ಅಲ್ಲ, ಅದರ ಮಾಮೂಲಿ ಖರ್ಚು. ಪೈಪುಗಳು ಬಹುತೇಕ ಗಟ್ಟಿಯಾಗಿವೆ. ಮರದ ದೊಡ್ಡ ಪೈಪುಗಳಿಗೆ ಗೆದ್ದಲು ಹತ್ತಿಲ್ಲ. ಸ್ವಿಟ್ಜರ್ಲೆಂಡಿನ ಸಿಯೋನ್‌ನಲ್ಲಿ ಬೆಟ್ಟದ ಮೇಲಿನ ವಲೇರ್ ಚರ್ಚಿನಲ್ಲಿ 15ನೇ ಶತಮಾನದ ಆರ್ಗನ್ ಇದೆ, ಇವತ್ತಿಗೂ ನುಡಿಸುತ್ತಾರೆ. ಅದರ ಮುಂದೆ ನಮ್ಮದು ನಿನ್ನೆ ಮೊನ್ನೆಯದು.

ಜರ್ಮನಿಯ ಹೆಸರಾಂತ ಸಂಗೀತಗಾರ ಬಾಖ್ ಹೊಸ ಆರ್ಗನ್ ಪರೀಕ್ಷೆ ಮಾಡಲು ಹೋದರೆ ಮೊದಲು ಸ್ಟಾಪ್‌ಗಳನ್ನೆಲ್ಲ ಎಳೆದು ಪೂರ್ತಿ ಜೋರಾಗಿ ನುಡಿಸುತ್ತಿದ್ದರಂತೆ. ಇದರ ಶ್ವಾಸಕೋಶ ಹೇಗಿದೆ ನೋಡೋಣ ಅಂತ ತಮಾಷೆ ಮಾಡುತ್ತಿದ್ದರಂತೆ. ಆರ್ಗನ್ ಕಟ್ಟಿದವರ ಮುಖ ಬಿಳಿಚಿಕೊಳ್ಳುತ್ತಿತ್ತು ಎಂದು ಅವರ ಮಗನೇ ಬರೆದಿದ್ದಾನೆ. ನಮ್ಮ ಆರ್ಗನ್ ಆ ಪರೀಕ್ಷೆಯಲ್ಲಿ ಇವತ್ತು ಫೇಲ್ ಆಗುತ್ತದೆ, ಒಪ್ಪುತ್ತೇನೆ. ಉಸಿರು ಸಾಲುತ್ತಿಲ್ಲ. ಜೋರಾಗಿ ನುಡಿಸಿದರೆ ಸ್ವರ ಕುಸಿಯುತ್ತದೆ. ಆದರೆ ತಿದಿ ಸೋರುತ್ತಿದೆ ಎನ್ನುವುದಕ್ಕೂ ಆರ್ಗನ್ ಹೋಯಿತು ಎನ್ನುವುದಕ್ಕೂ ಎಷ್ಟು ದೂರ ಇದೆ ನೋಡಿ.

ಹಾಗಿದ್ದರೆ "ರಿಪೇರಿ ಆಗಲ್ಲ" ಎಂದು ಹೇಳಿದವರು ಯಾರು? ನೋಟಿಸಿನಲ್ಲಿ ತಜ್ಞರ ವರದಿ ಎಂದಿದೆ. ವರದಿಯ ಪ್ರತಿಯನ್ನು ಸಭೆಗೆ ತೋರಿಸಿಲ್ಲ. ಬಂದು ನೋಡಿಹೋದವರನ್ನು ನಾನು ಕಂಡೆ, ಆ ಹೊತ್ತಿಗೆ ಗ್ಯಾಲರಿಯಲ್ಲೇ ಇದ್ದೆ. ಅವರು ಡಿಜಿಟಲ್ ಆರ್ಗನ್ ಮಾರುವ ಕಡೆಯವರು. ಕೀಬೋರ್ಡಿನ ಮುಂದೆ ನಿಂತು ಒಂದೆರಡು ಕೀ ಒತ್ತಿದರು, ಫೋನಿನಲ್ಲಿ ಫೋಟೋ ತೆಗೆದರು, ಗೋಡೆಯ ಅಳತೆ ತೆಗೆದುಕೊಂಡರು. ಹಿಂದಿನ ಬಾಗಿಲು ತೆಗೆಸಿ ಒಳಗೆ ಬಗ್ಗಿ ಸಹ ನೋಡಲಿಲ್ಲ. ಅವರ ಮೇಲೆ ನನಗೆ ಕೋಪ ಇಲ್ಲ. ಅವರ ಕೆಲಸ ಅವರು ಮಾಡಿದರು. ಹೊಸದು ಮಾರುವವರ ಹತ್ತಿರ ಹಳೇದರ ಆಯಸ್ಸು ಕೇಳಿದ್ದು ನಮ್ಮ ಕಡೆಯ ತಪ್ಪು ಅಲ್ವಾ?

ಸಭೆಯವರಲ್ಲಿ ಅನೇಕರಿಗೆ ಆರ್ಗನ್ ಬೇಡವಾಗಿದ್ದು ಒಂದು ಶವಸಂಸ್ಕಾರದ ಆರಾಧನೆಯ ನಂತರ. ಪ್ರಾರ್ಥನೆ ನಡೆಯುವಾಗ ಒಂದು ಸ್ವರ ನಿಲ್ಲದೆ ಕೂಗುತ್ತಲೇ ಇತ್ತು. ಯಾರೂ ಕೀ ಮುಟ್ಟಿರಲಿಲ್ಲ. ಕೊನೆಗೆ ಬ್ಲೋಯರ್ ಆರಿಸಬೇಕಾಯಿತು. ಆ ಸ್ವರ ಸೊರಗುತ್ತಾ ಸೊರಗುತ್ತಾ ಕೆಳಕ್ಕೆ ಇಳಿದು ನಿಂತಾಗ ಮುಂದಿನ ಸಾಲಿನಲ್ಲಿದ್ದ ಕುಟುಂಬದವರ ಮುಖ ನೋಡಲು ಆಗಲಿಲ್ಲ. ಆ ಮುಜುಗರ ನಿಜ, ಅದನ್ನು ಸಣ್ಣದು ಮಾಡುವುದಿಲ್ಲ. ಆದರೆ ಆರ್ಗನ್ ಕೆಲಸದವರು ಇದಕ್ಕೆ ಸೈಫರ್ ಎನ್ನುತ್ತಾರೆ. ಗಾಳಿಪೆಟ್ಟಿಗೆಯ ಮುಚ್ಚಳಕ್ಕೂ ಅದರ ಅಂಚಿಗೂ ನಡುವೆ ಒಂದು ಕಸದ ಚೂರು ಸಿಕ್ಕಿಕೊಂಡರೆ ಸಾಕು, ಮುಚ್ಚಳ ಪೂರ್ತಿ ಮುಚ್ಚಿಕೊಳ್ಳದೆ ಪೈಪು ಕೂಗುತ್ತದೆ. ನಾಲ್ಕು ಸಲ ಆ ಕೀಯನ್ನು ಪಟಪಟ ಒತ್ತಿ ಬಿಟ್ಟರೆ ಎಷ್ಟೋ ಬಾರಿ ಚೂರು ಹಾರಿಹೋಗಿ ತಾನೇ ಸರಿಹೋಗುತ್ತದೆ. ಆವತ್ತು ಮರುದಿನ ಆಗಿದ್ದೂ ಅದೇ. ಇಷ್ಟಕ್ಕೆ ಸಮಿತಿಯ ನಡಾವಳಿಯಲ್ಲಿ "ಆರ್ಗನ್ ಸಂಪೂರ್ಣ ಕೈಕೊಟ್ಟಿದೆ" ಎಂದು ಬರೆದರು.

ಆ ಕಸದ ಚೂರು ಎಲ್ಲಿಂದ ಬಂತು? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದಕ್ಕೂ ಸ್ವಲ್ಪ ಮುಂಚೆ ಚರ್ಚಿನ ಒಳಗೆ ಗೋಡೆ ಕೆರೆದು ಬಣ್ಣ ಬಳಿಸಿದಿರಿ. ಬೆಂಚುಗಳಿಗೆ ಪ್ಲಾಸ್ಟಿಕ್ ಹೊದಿಸಿದ್ದಿರಿ. ಪೀಠಕ್ಕೆ ಬಟ್ಟೆ ಹೊದಿಸಿದ್ದಿರಿ. ಆರ್ಗನ್‌ಗೆ ಏನೂ ಇಲ್ಲ. ಹಳೇ ಸುಣ್ಣದ ಪುಡಿ ತೆರೆದ ಪೈಪುಗಳ ಒಳಗೇ ಬಿತ್ತು. ಪೈಪಿನ ಬಾಯಿಯ ಹತ್ತಿರ ಗಾಳಿ ಹೊರಬರುವ ಸೀಳು ತೀರಾ ಕಿರಿದು, ಅಲ್ಲಿ ಪುಡಿ ಕೂತರೆ ಸ್ವರ ಒರಟಾಗುತ್ತದೆ, ಇಲ್ಲವೇ ಹುಟ್ಟುವುದೇ ಇಲ್ಲ. ಕೆಲಸದವರು ಏಣಿ ಇಡಲು ಜಾಗ ಬೇಕೆಂದು ಮುಂದಿನ ಸಾಲಿನ ಕೆಲವು ಪೈಪುಗಳನ್ನು ಕಿತ್ತು ಗೋಡೆಗೆ ಒರಗಿಸಿಟ್ಟಿದ್ದರು. ಸೀಸ ಜಾಸ್ತಿ ಇರುವ ಲೋಹ ಮೆತ್ತಗಿರುತ್ತದೆ. ಒರಗಿಸಿಟ್ಟ ಪೈಪು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಒಂದರ ಕಾಲು ಮಡಚಿಹೋಗಿದ್ದನ್ನು ನಾನೇ ನೋಡಿದೆ. ಅದನ್ನು ಹಾಗೇ ಬಲವಂತವಾಗಿ ತೂತಿಗೆ ತುರುಕಿದ್ದರು. ಈಗ ಆ ಪೈಪು ನುಡಿಯುತ್ತಿಲ್ಲ. "ಹಾಳಾದ ಪೈಪುಗಳು" ಎಂದು ನೋಟಿಸಿನಲ್ಲಿ ಇರುವುದು ಇವೇ.

ಇನ್ನೊಂದು ವಿಷಯ ಯಾರ ಗಮನಕ್ಕೂ ಬಂದಂತಿಲ್ಲ. ಕಿಟಕಿಯ ಸಂದು ಮುಚ್ಚಲು ಬಳಸಿದ ಸಿಲಿಕೋನ್ ಸೀಲೆಂಟ್‌ನಿಂದ ಗ್ಯಾಲರಿಯಲ್ಲೆಲ್ಲ ವಿನೆಗರ್ ವಾಸನೆ ಬರುತ್ತಿತ್ತು. ಆ ವಾಸನೆ ಅಸೆಟಿಕ್ ಆಸಿಡ್‌ನದು. ಸೀಸಕ್ಕೆ ಅದು ಶತ್ರು. ಜರ್ಮನಿಯ ಲ್ಯೂಬೆಕ್ ನಗರದ ಹಳೇ ಸ್ಟೆಲ್‌ವಾಗನ್ ಆರ್ಗನ್‌ನಲ್ಲಿ ಸೀಸದ ಪೈಪುಗಳು ಒಳಗಿನಿಂದ ಕೊರೆದು ತೂತುಬಿದ್ದಾಗ ಸಂಶೋಧಕರು ಹುಡುಕಿಕೊಂಡು ಹೋದರು. ಮರದಿಂದ ಹೊರಬರುವ ಇದೇ ಆಸಿಡ್ಡಿನ ಆವಿಯೇ ಮುಖ್ಯ ಕಾರಣ ಎಂದು ಗೊತ್ತಾಯಿತು. ನಮ್ಮಲ್ಲಿ ಒಂದು ಸಲದ ಕೆಲಸಕ್ಕೆ ಅಷ್ಟು ಹಾನಿ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆರ್ಗನ್ ಇರುವ ಕಟ್ಟಡದಲ್ಲಿ ಕೆಲಸ ಮಾಡಿಸುವಾಗ ಆರ್ಗನ್ ಗೊತ್ತಿರುವವರನ್ನು ಒಂದು ಮಾತು ಕೇಳಬೇಕು ಎನ್ನುವುದಷ್ಟೇ ನನ್ನ ಮಾತು.

"ಎಷ್ಟು ಟ್ಯೂನ್ ಮಾಡಿಸಿದರೂ ನಿಲ್ಲಲ್ಲ" ಎಂಬ ದೂರೂ ಇದೆ. ಇದರ ಕಾರಣ ಆರ್ಗನ್‌ನಲ್ಲಿ ಇಲ್ಲ, ಹೊಸ ಏಸಿಯಲ್ಲಿ ಇದೆ. ಗಾಳಿ ಬೆಚ್ಚಗಾದರೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಕೊಳಲಿನಂಥ ಪೈಪುಗಳ ಸ್ವರ ಏರುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ 440 ಹರ್ಟ್ಸ್ ಇದ್ದ ಸ್ವರ ಸುಮಾರು 448ಕ್ಕೆ ಹೋಗುತ್ತದೆ. ಆದರೆ ಹಿತ್ತಾಳೆ ನಾಲಗೆ ಇರುವ ರೀಡ್ ಪೈಪುಗಳು ಅಷ್ಟಾಗಿ ಕದಲುವುದಿಲ್ಲ. ಹಾಗಾಗಿ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಈಗ ಏಸಿಯ ತಣ್ಣನೆ ಗಾಳಿ ನೇರವಾಗಿ ಆರ್ಗನ್‌ನ ಎಡಭಾಗಕ್ಕೆ ಬಡಿಯುತ್ತದೆ. ಬಲಭಾಗ ಸೆಕೆಯಲ್ಲೇ ಇರುತ್ತದೆ. ಒಂದೇ ವಾದ್ಯದ ಎರಡು ಭಾಗ ಎರಡು ಋತುವಿನಲ್ಲಿದ್ದರೆ ಶ್ರುತಿ ಹೇಗೆ ಸೇರಬೇಕು? ಮೇಲಾಗಿ ಆರಾಧನೆಗೆ ಮಾತ್ರ ಏಸಿ ಹಾಕಿ, ಉಳಿದ ದಿನ ಆರಿಸುತ್ತೀರಿ. ಮರ ಒಣಗಿ ತೇವ ಹೀರಿ, ಮತ್ತೆ ಒಣಗಿ, ಗಾಳಿಪೆಟ್ಟಿಗೆಯಲ್ಲಿ ಬಿರುಕು ಬಿಡುವುದು ಹೀಗೇ. ಏಸಿಯ ಬಾಯಿಯನ್ನು ಬೇರೆ ಕಡೆಗೆ ತಿರುಗಿಸಲು ಏನು ಖರ್ಚು?

ಇನ್ನು "ಯಾರೂ ನುಡಿಸ್ತಿಲ್ಲ" ಎಂಬ ಮಾತು. ನನಗೆ ನಿಜಕ್ಕೂ ನೋವಾದದ್ದು ಇದರಿಂದಲೇ. ಸೈಫರ್ ಆದ ಮೇಲೆ ಆರ್ಗನ್‌ಗೆ ಬೀಗ ಹಾಕಿದಿರಿ. ಸಂಗೀತ ಕಲಿಯುವ ಇಬ್ಬರು ಮಕ್ಕಳು ಅಭ್ಯಾಸಕ್ಕೆ ಕೀಲಿಕೈ ಕೇಳಿದಾಗ ಕರೆಂಟ್ ಬಿಲ್ಲಿನ ಮಾತಾಡಿ ಕಳಿಸಿದಿರಿ. ಆರ್ಗನ್ ನುಡಿಸುತ್ತಿದ್ದ ಹಿರಿಯರು ಸುಮ್ನೆ ಎಷ್ಟು ದಿನ ಬಂದು ಹೋಗುತ್ತಾರೆ? ಅವರೂ ಬಿಟ್ಟರು. ಮೊದಲು ಬೀಗ ಹಾಕಿ, ಆಮೇಲೆ ಯಾರೂ ನುಡಿಸುವವರಿಲ್ಲ ಎಂದರೆ ಏನು ಹೇಳುವುದು? ಬಳಸದೆ ಬಿಟ್ಟ ಆರ್ಗನ್ ಬಳಸಿದ ಆರ್ಗನ್‌ಗಿಂತ ಬೇಗ ಕೆಡುತ್ತದೆ. ಚರ್ಮ ಬಿರುಸಾಗುತ್ತದೆ, ಸ್ಟಾಪ್‌ಗಳು ಹಿಡಿದುಕೊಳ್ಳುತ್ತವೆ, ಇಲಿ ಒಳಗೆ ಸಂಸಾರ ಹೂಡುತ್ತದೆ. ವಾರಕ್ಕೆ ಕೆಲವು ಗಂಟೆ ಯಾರಾದರೂ ನುಡಿಸುತ್ತಿದ್ದರೆ ಅದೇ ಅರ್ಧ ಆರೈಕೆ. ಆ ಇಬ್ಬರು ಮಕ್ಕಳು ಆ ಆರೈಕೆಯನ್ನು ಪುಕ್ಕಟೆ ಮಾಡಿಕೊಡುತ್ತಿದ್ದರು.

ತೂಕಕ್ಕೆ ಹಾಕುವ ಮಾತಿಗೆ ಬರುತ್ತೇನೆ. ಆರ್ಗನ್ ಪೈಪುಗಳನ್ನು ಬರೀ ಲೋಹವಾಗಿ ಕಂಡವರಲ್ಲಿ ನೀವು ಮೊದಲಿಗರಲ್ಲ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ತವರ ಸಾಲದೆ ಜರ್ಮನಿಯ ಸರ್ಕಾರ ಚರ್ಚುಗಳ ಆರ್ಗನ್‌ಗಳ ಮುಂಭಾಗದ ಪೈಪುಗಳನ್ನು ವಶಕ್ಕೆ ತೆಗೆದುಕೊಂಡು ಕರಗಿಸಿತು. ಹ್ಯಾಂಬರ್ಗಿನ ಸೇಂಟ್ ಯಾಕೋಬಿ ಚರ್ಚಿನಲ್ಲಿ ಆರ್ಪ್ ಶ್ನಿಟ್ಗರ್ 1693ರಲ್ಲಿ ಮುಗಿಸಿದ ದೊಡ್ಡ ಆರ್ಗನ್ ಕೂಡ ಹಾಗೆ ತನ್ನ ಮುಖ ಕಳೆದುಕೊಂಡಿತು. 60 ಸ್ಟಾಪ್, ಸುಮಾರು 4,000 ಪೈಪುಗಳ ಆರ್ಗನ್ ಅದು. 1720ರಲ್ಲಿ ಬಾಖ್ ಅಲ್ಲಿಯ ಆರ್ಗನ್ ನುಡಿಸುವ ಕೆಲಸಕ್ಕೆ ಪ್ರಯತ್ನಿಸಿದ್ದರು. ಕೆಲಸ ಸಿಕ್ಕಿದ್ದು ಚರ್ಚಿಗೆ 4,000 ಮಾರ್ಕ್ ಕೊಟ್ಟ ಇನ್ನೊಬ್ಬರಿಗೆ. ಸಮಿತಿಗಳು ಆಗಲೂ ಸಮಿತಿಗಳೇ ಆಗಿದ್ದವು ಅನ್ನಿ. ಯುದ್ಧ ಮುಗಿಯುವ ಹೊತ್ತಿಗೆ ಆ ಆರ್ಗನ್ ಯಾರಿಗೂ ಬೇಡದ ಹಳೇ ಸಾಮಾನಾಗಿತ್ತು. ಹಾನ್ಸ್ ಹೆನ್ನಿ ಯಾನ್ ಎಂಬ ಯುವ ಲೇಖಕ ಅದರ ಬೆಲೆ ಗುರುತಿಸಿ, 1920ರ ದಶಕದಲ್ಲಿ ಸಂಗೀತ ಕಛೇರಿಗಳನ್ನು ಏರ್ಪಡಿಸಿ ಹಣ ಕೂಡಿಸಿ ಅದನ್ನು ಉಳಿಸಲು ಓಡಾಡಿದ. ಎರಡನೇ ಯುದ್ಧದಲ್ಲಿ ಪೈಪುಗಳನ್ನೂ ಗಾಳಿಪೆಟ್ಟಿಗೆಗಳನ್ನೂ ಮೊದಲೇ ಬಿಚ್ಚಿ ಸುರಕ್ಷಿತ ಜಾಗದಲ್ಲಿ ಇಟ್ಟಿದ್ದರು. 1944ರಲ್ಲಿ ಬಾಂಬ್ ಬಿದ್ದು ಚರ್ಚು ಸುಟ್ಟರೂ ಅವು ಉಳಿದವು. 1993ರಲ್ಲಿ, ಮುನ್ನೂರು ವರ್ಷ ತುಂಬಿದಾಗ, ಅದರ ಪೂರ್ತಿ ಜೀರ್ಣೋದ್ಧಾರ ಮುಗಿಯಿತು. ಇವತ್ತು ಆರ್ಗನ್ ಕಲಿಯುವವರು ಅದನ್ನು ಕೇಳಲೆಂದೇ ಅಲ್ಲಿಗೆ ಹೋಗುತ್ತಾರೆ. ಯುದ್ಧದ ಸರ್ಕಾರಕ್ಕೆ ಕೊನೇಪಕ್ಷ ತವರ ಇಲ್ಲ ಎಂಬ ನೆಪವಾದರೂ ಇತ್ತು. ನಮಗೆ ಯಾವ ನೆಪ?

"ನಮ್ಮ ಹವೆಗೆ ಇದು ಆಗಿಬರಲ್ಲ" ಎಂದೂ ಒಬ್ಬ ಸದಸ್ಯರು ಹೇಳಿದರು. ಫಿಲಿಪೀನ್ಸ್‌ನ ಲಾಸ್ ಪಿನ್ಯಾಸ್‌ನಲ್ಲಿ ಬಿದಿರಿನ ಆರ್ಗನ್ ಇದೆ. ದಿಯೆಗೊ ಸೆರಾ ಎಂಬ ಪಾದ್ರಿ 1816ರಲ್ಲಿ ಕೆಲಸ ಶುರುಮಾಡಿ 1824ರಲ್ಲಿ ಮುಗಿಸಿದ್ದು. 1,031 ಪೈಪುಗಳಲ್ಲಿ 902 ಬಿದಿರಿನವು. ಅಲ್ಲಿ ಸೆಕೆ, ತೇವ, ಭೂಕಂಪ, ಚಂಡಮಾರುತ ಎಲ್ಲವೂ ಇದೆ. ಅದೂ ದಶಕಗಟ್ಟಲೆ ಮೂಕವಾಗಿ ಬಿದ್ದಿತ್ತು. 1973ರಲ್ಲಿ ಅದನ್ನು ಬಿಚ್ಚಿ ಜರ್ಮನಿಯ ಬಾನ್ ನಗರಕ್ಕೆ, ಕ್ಲೈಸ್ ಎಂಬ ಆರ್ಗನ್ ಕಟ್ಟುವ ಸಂಸ್ಥೆಗೆ ಕಳಿಸಿದರು. 1975ರಲ್ಲಿ ಸರಿಯಾಗಿ ವಾಪಸು ಬಂತು. ಈಗ ವರ್ಷವರ್ಷ ಅದರ ಹೆಸರಲ್ಲೇ ಸಂಗೀತೋತ್ಸವ ನಡೆಯುತ್ತದೆ. ಬಿದಿರೇ ತಡೆದುಕೊಂಡ ಹವೆಯನ್ನು ನಮ್ಮ ತವರ, ಸೀಸ, ಒಳ್ಳೇ ಮರ ತಡೆಯಲಾರವು ಎನ್ನುವುದನ್ನು ನಾನು ಒಪ್ಪಲಾರೆ.

ಬೆಂಕಿಯ ಭಯ ಇದೆ ಎನ್ನುವುದು ಮಾತ್ರ ಸರಿಯಾದ ಕಾಳಜಿ. ಹಳೇ ವೈರಿಂಗ್ ಇರುವ ಬ್ಲೋಯರ್ ನನಗೂ ಭಯವೇ. ಹಾಗಾದರೆ ವೈರಿಂಗ್ ಬದಲಿಸೋಣ, ಬೇಕಿದ್ದರೆ ಬ್ಲೋಯರನ್ನೇ ಬದಲಿಸೋಣ. ಪ್ಯಾರಿಸ್‌ನ ನೋತ್ರ್‌ದಾಮ್‌ಗೆ 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದು ಛಾವಣಿ ಕುಸಿದರೂ ಸುಮಾರು 8,000 ಪೈಪುಗಳ ದೊಡ್ಡ ಆರ್ಗನ್ ಸುಡಲಿಲ್ಲ. ಆದರೆ ಸೀಸದ ಧೂಳು ತುಂಬಿಹೋಗಿತ್ತು. ಅವರು ಅದನ್ನು ಬಿಚ್ಚಿದರು, ತೊಳೆದರು, ಮತ್ತೆ ಕೂರಿಸಿದರು, ಆಮೇಲೆ ರಾತ್ರಿ ಹೊತ್ತು, ಬೇರೆ ಸದ್ದಿಲ್ಲದಾಗ, ಶ್ರುತಿ ಮಾಡಿದರು. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆದ ದಿನ ಆರ್ಚ್‌ಬಿಷಪ್ಪರು ಆರ್ಗನನ್ನು ಎಂಟು ಸಲ ಕರೆದರು. ಎಂಟು ಸಲವೂ ಅದು ಉತ್ತರ ಕೊಟ್ಟಿತು. ನಮಗೆ ಅಷ್ಟು ದೊಡ್ಡ ಶಕ್ತಿ ಇಲ್ಲ, ಗೊತ್ತು. ನಮ್ಮಲ್ಲಿ ಅಷ್ಟು ದೊಡ್ಡ ಹಾನಿಯೂ ಆಗಿಲ್ಲ.

ಡಿಜಿಟಲ್ ಆರ್ಗನ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಒಳ್ಳೇ ಪೈಪ್ ಆರ್ಗನ್‌ಗಳ ಸ್ವರಗಳನ್ನೇ ರೆಕಾರ್ಡ್ ಮಾಡಿ ಅದರಲ್ಲಿ ತುಂಬಿರುತ್ತಾರೆ. ಜಾಗ ಕಡಿಮೆ ಸಾಕು, ಟ್ಯೂನಿಂಗ್ ಬೇಡ, ಇಯರ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಬಹುದು. ಆರ್ಗನ್ನೇ ಇಲ್ಲದ ಚರ್ಚು ಅದನ್ನು ಕೊಂಡರೆ ನಾನೇ ಹೋಗಿ ಹಾಡಿ ಬರುತ್ತೇನೆ. ಆದರೆ ಅದರೊಳಗಿನ ಸ್ವರ ಯಾವುದೋ ಬೇರೆ ಕಟ್ಟಡದ್ದು. ಪೈಪ್ ಆರ್ಗನ್ ಕಟ್ಟುವವರು ಕೊನೆಯ ಕೆಲಸವನ್ನು ಚರ್ಚಿನೊಳಗೇ ಮಾಡುತ್ತಾರೆ. ಅದಕ್ಕೆ ವಾಯ್ಸಿಂಗ್ ಎನ್ನುತ್ತಾರೆ. ಒಂದೊಂದು ಪೈಪನ್ನೂ ಅಲ್ಲೇ ನುಡಿಸಿ ಕೇಳಿ, ಅದರ ಬಾಯಿಯ ಎತ್ತರ, ಕಾಲಿನ ತೂತು, ಗಾಳಿಯ ಸೀಳು ಎಲ್ಲವನ್ನೂ ಆ ಕಟ್ಟಡದ ಕಲ್ಲು, ಮರ, ಛಾವಣಿಗೆ ತಕ್ಕಂತೆ ತಿದ್ದುತ್ತಾರೆ. ನಮ್ಮ ಆರ್ಗನ್‌ನ ಕೆಳಗಿನ ಸ್ವರಗಳು ಕಿವಿಗಿಂತ ಮೊದಲು ಬೆಂಚಿನ ಹಲಗೆಯಲ್ಲಿ ಗೊತ್ತಾಗುವುದು ಆ ಕೆಲಸದಿಂದ. ಇನ್ನು ಡಿಜಿಟಲ್ ಆರ್ಗನ್‌ನ ಸರ್ಕ್ಯೂಟ್ ಬೋರ್ಡು, ಚಿಪ್ ಕೆಟ್ಟಾಗ ಆ ಮಾದರಿ ಮಾರುಕಟ್ಟೆಯಲ್ಲಿ ಇರದಿದ್ದರೆ ಪೂರ್ತಿ ಹೊಸದನ್ನೇ ಕೊಳ್ಳಬೇಕು. ಖರ್ಚಿನ ಲೆಕ್ಕ ಹಾಕುವಾಗ ಒಂದು ಸಲದ ಬೆಲೆಯನ್ನು ಮಾತ್ರ ಯಾಕೆ ಹಿಡಿದಿರಿ? ಮುಂದಿನ ಐವತ್ತು ವರ್ಷದ ಲೆಕ್ಕ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ಸಭೆಗೆ ತೋರಿಸಿ.

ಬೇರೆ ಕಡೆ ಇಂಥ ತೀರ್ಮಾನವನ್ನು ಒಂದು ಸಮಿತಿ ಒಂದು ಸಂಜೆಯಲ್ಲಿ ತೆಗೆದುಕೊಳ್ಳುವುದಿಲ್ಲ. ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ಹಳೇ ಆರ್ಗನ್ ತೆಗೆಯಬೇಕಾದರೆ ಫ್ಯಾಕಲ್ಟಿ ಎಂಬ ಅಪ್ಪಣೆ ಪಡೆಯಬೇಕು. ಡಯಾಸಿಸ್ಸಿನ, ಅಂದರೆ ಬಿಷಪ್ಪರ ಆಡಳಿತ ಪ್ರಾಂತದ, ಸಲಹೆಗಾರರು ಬಂದು ನೋಡುತ್ತಾರೆ, ಸಾರ್ವಜನಿಕ ನೋಟಿಸ್ ಹಾಕುತ್ತಾರೆ, ಬೇಡ ಎನ್ನುವವರ ಮಾತನ್ನೂ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಐತಿಹಾಸಿಕ ಆರ್ಗನ್‌ಗಳನ್ನು ಗುರುತಿಸಿ ದರ್ಜೆ ಕೊಟ್ಟು ಪ್ರಮಾಣಪತ್ರ ಕೊಡುವ ಏರ್ಪಾಡೂ ಇದೆ. ಜರ್ಮನಿಯ ಆರ್ಗನ್ ಕಟ್ಟುವ ಕಲೆ ಮತ್ತು ಅದರ ಸಂಗೀತವನ್ನು ಯುನೆಸ್ಕೋ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಅಷ್ಟೆಲ್ಲ ದೊಡ್ಡ ಏರ್ಪಾಡು ಮಾಡಬೇಕಿಲ್ಲ. ತೀರ್ಮಾನಕ್ಕೆ ಮೊದಲು ಗೊತ್ತಿರುವ ಒಬ್ಬರನ್ನು ಕೇಳುವಷ್ಟು ತಾಳ್ಮೆ ಸಾಕು.

ಹಾಗಾಗಿ ಕೇಳಿಕೊಳ್ಳುತ್ತಿದ್ದೇನೆ. ಆರ್ಗನ್ ಬಿಚ್ಚುವ ಕೆಲಸವನ್ನು ಈಗಲೇ ನಿಲ್ಲಿಸಿ. ಯಾವ ಡಿಜಿಟಲ್ ಕಂಪನಿಗೂ ಸಂಬಂಧ ಇಲ್ಲದ, ಪೈಪ್ ಆರ್ಗನ್ ಕಟ್ಟಿ ರಿಪೇರಿ ಮಾಡುವ ಅನುಭವ ಇರುವ ಒಬ್ಬರನ್ನು ಕರೆಸಿ, ಹಿಂದಿನ ಬಾಗಿಲು ತೆಗೆಸಿ, ತಿದಿಯಿಂದ ಹಿಡಿದು ಪೈಪಿನ ತುದಿಯವರೆಗೆ ನೋಡಿಸಿ. ಅವರು ಬರೆದುಕೊಟ್ಟ ವರದಿಯನ್ನೂ, ಈಗ ನಿಮ್ಮ ಹತ್ತಿರ ಇರುವ ವರದಿಯನ್ನೂ ಒಟ್ಟಿಗೆ ಬೋರ್ಡಿನಲ್ಲಿ ಹಾಕಿ. ಎಲ್ಲವನ್ನೂ ಒಂದೇ ಸಲ ಮಾಡಿಸಬೇಕಿಲ್ಲ. ವೈರಿಂಗ್ ಮೊದಲು, ತಿದಿಯ ಚರ್ಮ ಆಮೇಲೆ, ಪೈಪುಗಳನ್ನು ತೊಳೆಯುವುದು ಅದರ ನಂತರ. ಆರ್ಗನ್ ಕೆಲಸದವರು ಹೀಗೆ ಹಂತ ಹಂತವಾಗಿ ಮಾಡಿಕೊಡುತ್ತಾರೆ, ಹಣವನ್ನೂ ಹಾಗೇ ಕೂಡಿಸಬಹುದು. ಮುಂದೆ ಕಟ್ಟಡದ ಯಾವ ಕೆಲಸ ಇದ್ದರೂ ಆರ್ಗನ್‌ಗೆ ಮೊದಲು ಹೊದಿಕೆ ಹಾಕಿಸಿ. ಏಸಿಯ ಗಾಳಿಯನ್ನು ಆರ್ಗನ್‌ನಿಂದ ಬೇರೆ ಕಡೆಗೆ ತಿರುಗಿಸಿ. ಆ ಇಬ್ಬರು ಮಕ್ಕಳಿಗೆ ಕೀಲಿಕೈ ಕೊಡಿ. ಕರೆಂಟ್ ಬಿಲ್ ಜಾಸ್ತಿ ಬಂದರೆ ಕ್ವಾಯರ್‌ನವರು ಸೇರಿ ಕಟ್ಟುತ್ತೇವೆ.

ಎಲ್ಲ ನೋಡಿದ ಮೇಲೂ, ಉಳಿಸಿಕೊಳ್ಳುವುದು ನಮ್ಮಿಂದ ಸಾಧ್ಯವೇ ಇಲ್ಲ ಎಂದು ಸಭೆ ಸೇರಿ ತೀರ್ಮಾನಿಸಿದರೆ ನಾನು ತಲೆಬಾಗುತ್ತೇನೆ. ಆಗಲೂ ಅದನ್ನು ಒಡೆಯಬೇಡಿ. ಒಂದು ಚರ್ಚಿಗೆ ಬೇಡವಾದ ಆರ್ಗನನ್ನು ಇನ್ನೊಂದು ಚರ್ಚು ಇಡಿಯಾಗಿ ಬಿಚ್ಚಿಸಿಕೊಂಡು ಹೋಗಿ ಮತ್ತೆ ಕಟ್ಟಿಸುವುದು ಲೋಕದಲ್ಲಿ ನಡೆದುಕೊಂಡು ಬಂದಿರುವ ಕೆಲಸ. ಅಂಥವರನ್ನು ಹುಡುಕುವ ಓಡಾಟವನ್ನು ನಾನು ಮಾಡುತ್ತೇನೆ. ಬಿಚ್ಚುವುದಕ್ಕೆ ಮೊದಲು ಪ್ರತಿ ಪೈಪಿಗೂ ಗುರುತು ಹಾಕಿ, ಫೋಟೋ ತೆಗೆದು, ಸ್ವರಗಳನ್ನು ರೆಕಾರ್ಡ್ ಮಾಡಿ ಇಡಬೇಕು. ಒಳಗಿನ ಹಲಗೆಯ ಮೇಲೆ, ಬ್ಲೋಯರ್ ಬರುವ ಮೊದಲು ತಿದಿ ಒತ್ತುತ್ತಿದ್ದ ಹುಡುಗರು ಪೆನ್ಸಿಲ್‌ನಲ್ಲಿ ಬರೆದ ಹೆಸರುಗಳಿವೆ. ಒಬ್ಬ ತನ್ನ ಹೆಸರಿನ ಕೆಳಗೆ ಉಪದೇಶ ಉದ್ದವಾಯಿತು ಎಂದೂ ಬರೆದಿದ್ದಾನೆ. ಆ ಹಲಗೆಯನ್ನೂ ಪಟ್ಟಿಯಲ್ಲಿ ಸೇರಿಸಿ.

ಮುಂದಿನ ಸಾಮಾನ್ಯ ಸಭೆಯ ವಿಷಯಗಳ ಪಟ್ಟಿಯಲ್ಲಿ ಆರ್ಗನ್‌ಗೆ ಒಂದು ಸಾಲು ಕೊಡಿ. ಅದಕ್ಕೆ ಮೊದಲು ಸಮಿತಿಯ ಯಾರಾದರೂ ಸರಿ, ಆರಾಧನೆ ಮುಗಿದ ಮೇಲೆ ಗ್ಯಾಲರಿಗೆ ಬಂದರೆ ಟಾರ್ಚ್ ಹಿಡಿದು ಒಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸುತ್ತೇನೆ. ಸೀಳಿದ ಚರ್ಮವನ್ನೂ ತೋರಿಸುತ್ತೇನೆ, ಮಡಚಿದ ಪೈಪನ್ನೂ ತೋರಿಸುತ್ತೇನೆ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಸುಣ್ಣದ ಪುಡಿ ಇನ್ನೂ ಹಾಗೇ ಇದೆ. ಹಿಂದಿನ ಬಾಗಿಲಿನ ಕೀಲಿಕೈ ಮಾತ್ರ ಕಚೇರಿಯಿಂದ ತರಬೇಕು.

ನಿಮ್ಮ ಉತ್ತರವನ್ನು ನನಗೊಬ್ಬನಿಗೆ ಕೊಡದೆ ಬೋರ್ಡಿನಲ್ಲೇ ಹಾಕಿದರೆ ಎಲ್ಲರಿಗೂ ಅನುಕೂಲ.

ಇಂತಿ ನಿಮ್ಮ ವಿಶ್ವಾಸಿ,
ಕ್ವಾಯರ್‌ನ ಒಬ್ಬ ಸದಸ್ಯ